ದೀರ್ಘಜೀವಿತದ ಸ್ಮರಣೆ

ಊರಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರೆ ಕೆಲವು ದಿನಗಳಲ್ಲಿ ಒಂದು ಸಭೆ ಸೇರುವುದು ನಮ್ಮಲ್ಲಿ ರೂಢಿಯಾಗಿದೆ. ಅಧ್ಯಕ್ಷರು ಎದ್ದು, ಅಗಲಿದವರು ಎಂಬತ್ತು ತೊಂಬತ್ತು ವರ್ಷಗಳ ತುಂಬುಬಾಳನ್ನು ಬಾಳಿದರೆಂದೂ, ಕುಟುಂಬವನ್ನು ಚೆನ್ನಾಗಿ ಸಲಹಿದರೆಂದೂ, ದೈವಭಕ್ತರಾಗಿದ್ದರೆಂದೂ, ಊರಿಗೆ ಬೇಕಾದವರಾಗಿದ್ದರೆಂದೂ ಹೇಳುವರು. ಅನಂತರ ಎರಡು ನಿಮಿಷ ಮೌನ. ಒಂದು ನಿರ್ಣಯವನ್ನು ಬರೆದು ಮನೆಯವರಿಗೆ ಕಳುಹಿಸುವರು. ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಮುಂದಿನ ತಿಂಗಳು ಮತ್ತೊಬ್ಬರು ತೀರಿಕೊಂಡಾಗ ಅವೇ ಮಾತುಗಳು ಅದೇ ಅನುಕ್ರಮದಲ್ಲಿ ಅವರಿಗೂ ಸಲ್ಲುವುವು. ಎಲ್ಲರ ಮೈಗೂ ಹೊಂದುವಂತೆ ಹೊಲಿದ ಅಂಗಿಯನ್ನು ಯಾರದೆಂದು ಹೇಳೋಣ?

ಇದರಲ್ಲಿ ಸಭೆ ಸೇರಿದವರ ದೋಷವೇನೂ ಇಲ್ಲ. ದೀರ್ಘವಾದ ಬಾಳೊಂದನ್ನು ಸ್ಮರಿಸುವುದು ನಿಜವಾಗಿಯೂ ಕಷ್ಟದ ಕೆಲಸ. ಅಲ್ಪಾಯುವಾಗಿ ಹೋದವನನ್ನು ಕುರಿತು ದುಃಖಿಸಬಹುದು. ರಣದಲ್ಲಿ ಬಿದ್ದವನನ್ನು ಕುರಿತು ಅಭಿಮಾನಪಡಬಹುದು. ಅಲ್ಲಿ ಭಾವಕ್ಕೆ ಒಂದು ನೆಲೆ ಸಿಕ್ಕುತ್ತದೆ. ಆದರೆ ಕುಟುಂಬಕ್ಕೂ ಧರ್ಮಕ್ಕೂ ಸಮಾಜಕ್ಕೂ ಐವತ್ತು ಅರುವತ್ತು ವರ್ಷ ದುಡಿದು, ದಣಿದು, ತನ್ನ ಕಾಲಕ್ಕೆ ಹಣ್ಣಾಗಿ ಉದುರಿದ ಜೀವವನ್ನು ಕುರಿತು ನಾವು ನೆನೆಯತಕ್ಕುದು ಯಾವುದನ್ನು? ಏತಕ್ಕಾಗಿ ನೆನೆಯಬೇಕು? ನೆನೆದವರ ಮೇಲೆ ಆ ನೆನಪು ಯಾವ ಹೊಣೆಯನ್ನು ಹೊರಿಸುತ್ತದೆ? ಈ ಪ್ರಶ್ನೆಗಳು ನೀತಿವಿಚಾರಕ್ಕೆ ಸೇರಿದುವೇ ಹೊರತು ಕೇವಲ ಉಪಚಾರಕ್ಕೆ ಸೇರಿದುವಲ್ಲ.

ಸ್ಮರಣೆಯ ವಿಷಯದಲ್ಲಿ ಕನ್ನಡನಾಡು ಬಡನಾಡಲ್ಲ. ಹಳ್ಳಿಹಳ್ಳಿಯ ಕೆರೆಯ ಏರಿಯ ಮೇಲೆ, ಊರ ಬಾಗಿಲಲ್ಲಿ, ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ಅವುಗಳ ವಿನ್ಯಾಸವನ್ನು ನಮ್ಮ ವಾಚಕರು ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ತನ್ನ ಇಷ್ಟದೈವದ ಸನ್ನಿಧಿಯಲ್ಲಿ ಕುಳಿತ ವೀರ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯ ರೈತನಿಗೂ ಇಂತಹ ಕಲ್ಲು ಸಂದಿದೆ. ಅಷ್ಟೇಕೆ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. ೯೪೯-೫೦ರ ಕಾಲದ ಶಾಸನವು ಕಾಳಿ ಎಂಬ ಬೇಟೆನಾಯಿಯೊಂದು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುತ್ತದೆ. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಇದಲ್ಲದೆ ಗಂಡನೊಡನೆ ಚಿತೆಯೇರಿದವರಿಗೆ ಬಳೆ ತೊಟ್ಟ ತೋಳನ್ನು ಮೇಲೆತ್ತಿ ಕಡೆದ ಮಾಸ್ತಿಕಲ್ಲುಗಳಿವೆ. ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟವರಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಹತ್ತಾರು ನಿಸಿದಿಗೆಗಳಿವೆ.

ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇವು ಮುಖ್ಯವಾಗಿ ಹೇಳುವುದು ಒಬ್ಬನು ಹೇಗೆ ಸತ್ತನೆಂಬುದನ್ನು. ಅವನು ಹೇಗೆ ಬದುಕಿದನೆಂಬುದು ಅಲ್ಲಿ ತೀರ ಸ್ವಲ್ಪ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಉಳಿಗೆ ಒಂದು ಕ್ಷಣ ಬೇಕು. ಎತ್ತಿದ ಕತ್ತಿಯನ್ನು ಕಡೆಯಬಹುದು. ಏರಿದ ಚಿತೆಯನ್ನು ಸೂಚಿಸಬಹುದು. ನಲುವತ್ತು ವರ್ಷ ಪ್ರತಿದಿನವೂ ಕೋಳಿ ಕೂಗುವ ಹೊತ್ತಿಗೆ ಎದ್ದು, ಕೊಟ್ಟಿಗೆಯ ಕೆಲಸ ಮುಗಿಸಿ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿ, ತಬ್ಬಲಿ ಮಗುವೊಂದನ್ನು ತನ್ನ ಮಕ್ಕಳ ಸಾಲಿನಲ್ಲಿ ಕೂರಿಸಿ ಉಣಬಡಿಸಿ, ಸಂಜೆ ದೇವರ ಮುಂದೆ ದೀಪ ಹಚ್ಚಿದವಳನ್ನು ಯಾವ ಪಟ್ಟಿಕೆಯಲ್ಲಿ ಕಡೆಯೋಣ? ಅವಳ ಬಾಳಿನಲ್ಲಿ ಕಡೆಯತಕ್ಕ ಕ್ಷಣವೇ ಇಲ್ಲ. ಶಿಲ್ಪಿಗೆ ಅದು ಕೊರತೆಯಾಗಿ ತೋರಬಹುದು. ಆ ಬಾಳಿನ ತಿರುಳಾದರೋ ಅದೇ ಆಗಿದೆ.

ಈ ಮಾತಿಗೆ ನಮ್ಮ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ದಲ್ಲಪನೆಂಬ ಅಧಿಕಾರಿಯ ಮಗನಾದ ನಾಗದೇವನಿಗೆ ಇಬ್ಬರು ಹೆಂಡಿರಿದ್ದರು. ಇಬ್ಬರೂ ಮಲ್ಲಪನ ಮಕ್ಕಳು, ಒಡಹುಟ್ಟಿದವರು. ಅಕ್ಕ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ. ನಾಗದೇವನು ಅಕಾಲದಲ್ಲಿ ತೀರಿಹೋದನು. ತಂಗಿಯು ಗಂಡನೊಡನೆ ಚಿತೆಯನ್ನೇರಿದಳು. ಅಕ್ಕನು ಏರಲಿಲ್ಲ. ಅಣ್ಣಿಗದೇವನೆಂಬ ಮಗನಿದ್ದನು, ಅವನನ್ನು ಬೆಳೆಸಬೇಕಾಗಿದ್ದಿತು. ಆಕೆ ಉಳಿದಳು.

ಗುಂಡಮಬ್ಬೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತನ್ನ ಕಾಲವು ಹಾಕಿಕೊಟ್ಟ ದಾರಿಯಲ್ಲಿ ಆಕೆ ನಡೆದಳು. ಹೆಂಗಸರಿಗೆ ಅಂತಹ ದಾರಿಯನ್ನು ಹಾಕಿಕೊಟ್ಟ ಆ ಕಾಲವನ್ನು ಕುರಿತು ಇಂದು ನಮಗೆ ಎರಡು ಅಭಿಪ್ರಾಯಗಳಿರಲಾರವು. ನಾವು ಗಮನಿಸತಕ್ಕುದು ಅಕ್ಕನನ್ನು. ಚಿತೆಯೇರುವುದಕ್ಕೆ ಒಂದು ದಿನದ ನಿಶ್ಚಯ ಸಾಕಾಗಿದ್ದಿತು. ಊರೆಲ್ಲ ಕೈಮುಗಿದು ನಿಲ್ಲುತ್ತಿದ್ದಿತು. ಉಳಿಯುವುದಕ್ಕೆ ಮರುದಿನವೂ, ಅದರ ಮರುದಿನವೂ, ಹೀಗೆ ಸಾವಿರಾರು ದಿನಗಳ ನಿಶ್ಚಯ ಬೇಕಾಗಿದ್ದಿತು. ಅದಕ್ಕೆ ಕೈಮುಗಿಯುವವರು ಇರಲಿಲ್ಲ. ಮುಂದೆ ಆಕೆ ಮಾಡಿದುದೇನೆಂಬುದು ಪ್ರಸಿದ್ಧವಾಗಿದೆ. ತನ್ನ ತಂದೆಯೂ ಚಿಕ್ಕಪ್ಪನೂ ಪೊನ್ನಕವಿಯಿಂದ ಬರೆಯಿಸಿದ ಶಾಂತಿಪುರಾಣವು ಮರೆಯಾಗಬಾರದೆಂದು ಅದರ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ರತ್ನಖಚಿತವಾದ ಒಂದು ಸಾವಿರದ ಐನೂರು ಚಿನ್ನದ ಜಿನಪ್ರತಿಮೆಗಳನ್ನು ದಾನಮಾಡಿದಳು. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ತೈಲಪನ ಕಾಲ ಮುಗಿದು ಸತ್ಯಾಶ್ರಯನು ಆಳುತ್ತಿದ್ದಾಗ, ೧೦೦೭ರಲ್ಲಿ, ಲಕ್ಕುಂಡಿಯ ಬಸದಿಗೆ ಸಂಬಂಧಿಸಿದ ಶಾಸನವು ಹುಟ್ಟಿತು. ಆ ವೇಳೆಗೆ ಮಗನು ಬೆಳೆದು ಪಡೆವಳನಾಗಿದ್ದನು. ತಾಯಿ ಇನ್ನೂ ಕೆಲಸದಲ್ಲಿಯೇ ಇದ್ದಳು.

ಮನೆ, ಧರ್ಮ, ಸಮಾಜ ಎಂಬ ಮೂರೂ ಈ ಬಾಳಿನಲ್ಲಿ ಕೂಡಿವೆ. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸಂದುದು ದಾನಕ್ಕಾಗಿ. ಆದರೆ ಆ ದಾನಗಳಿಗೆಲ್ಲ ಮೊದಲು ಒಂದು ದಾನ ನಡೆದಿದೆ. ಉರಿಯ ಮುಂದೆ ನಿಂತು, ನಾನು ಬೇಕಾದವಳು ಇಲ್ಲಿಯೇ, ಎಂದು ಹಿಂದಿರುಗಿ ಮನೆಯ ಬಾಗಿಲನ್ನು ಹೊಕ್ಕುದೇ ಆ ದಾನ. ಆ ಹೆಜ್ಜೆಗೆ ಕಲ್ಲಿಲ್ಲ. ಮುಂದಿನ ಬಸದಿ, ಪ್ರತಿಮೆ, ಪುರಾಣಗಳೆಲ್ಲ ಆ ಹೆಜ್ಜೆಯ ಮೇಲೆ ನಿಂತಿವೆ.

ಇಲ್ಲಿ ಕೆಲವರು ಹೀಗೆ ಆಕ್ಷೇಪಿಸಬಹುದು: “ದೀರ್ಘಾಯುಸ್ಸು ಯಾರ ಗುಣವೂ ಅಲ್ಲ, ಅದು ದೈವದ ಕೊಡುಗೆ, ಇಲ್ಲವೆ ದೇಹದ ಕಟ್ಟಿನ ಫಲ. ದುಷ್ಟರೂ ನೂರು ವರ್ಷ ಬದುಕುವರು. ಆದ್ದರಿಂದ ಆಯುಸ್ಸಿನ ಅಳತೆಯನ್ನು ಹೊಗಳಿಕೆಗೆ ಸೇರಿಸುವುದು ತಪ್ಪು.” ಈ ಆಕ್ಷೇಪವು ನ್ಯಾಯವಾದುದೇ. ಆಯುಸ್ಸು ಗುಣವಲ್ಲ. ಆದರೆ ಗುಣವನ್ನು ಒರೆಗೆ ಹಚ್ಚುವ ಕಲ್ಲು ಅದು. ಇಪ್ಪತ್ತರ ಹರೆಯದಲ್ಲಿ ಉದಾರನಾಗುವುದು ಸುಲಭ. ರಕ್ತವೇ ಆ ಕೆಲಸವನ್ನು ಮಾಡಿಸುತ್ತದೆ. ಐವತ್ತರಲ್ಲಿ, ಉಪಕಾರ ಹೊಂದಿದವರು ಮರೆತ ಮೇಲೆ, ತಾನು ಕಟ್ಟಿದ ಸಂಸ್ಥೆಯಲ್ಲಿ ತನ್ನನ್ನೇ ಮೂಲೆಗೆ ಸರಿಸಿದ ಮೇಲೆ, ಮಕ್ಕಳು ದೂರ ಹೋದ ಮೇಲೆ, ಆ ಔದಾರ್ಯವು ಉಳಿದಿರುವುದೇ ಎಂಬುದನ್ನು ಕಾಲವೊಂದೇ ತಿಳಿಸಬಲ್ಲುದು. ದೀರ್ಘಜೀವಿಗೆ ಬೇಸರಪಡುವುದಕ್ಕೆ ಹೆಚ್ಚು ಅವಕಾಶಗಳು ಸಿಕ್ಕಿರುತ್ತವೆ. ಎಷ್ಟು ವರ್ಷ ಬದುಕಿದನೆಂದಲ್ಲ, ಎಷ್ಟು ಸಲ ಬೇಸತ್ತು ಮತ್ತೆ ಕೆಲಸಕ್ಕೆ ಕೈಯಿಕ್ಕಿದನೆಂದು ಕೇಳಬೇಕು. ದೀರ್ಘವಾದ ಬಾಳು ಗೌರವಕ್ಕೆ ಅರ್ಹವಾಗುವುದು ಈ ಹಿಂದಿರುಗುವಿಕೆಯಿಂದ.

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ಕುಟುಂಬಕ್ಕಾಗಿ ದುಡಿದುದನ್ನು ಸೇವೆಯೆಂದು ಏಕೆ ಎಣಿಸಬೇಕು? ತನ್ನ ಮಕ್ಕಳನ್ನು ಹಕ್ಕಿಯೂ ಸಾಕುತ್ತದೆ. ಮನೆಯ ಮೇಲಣ ಮಮತೆಯು ಹಿಗ್ಗಿಸಿದ ಸ್ವಾರ್ಥವಲ್ಲವೇ? ಇದಕ್ಕೆ ನಮ್ಮ ಹಿರಿಯರ ಋಣತ್ರಯದ ಭಾವನೆಯಲ್ಲಿ ಒಂದು ಉತ್ತರವಿದೆ. ಹುಟ್ಟಿದವನು ಮೂರು ಋಣಗಳೊಡನೆ ಹುಟ್ಟುವನೆಂದೂ, ಅವು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಲ್ಲತಕ್ಕುವೆಂದೂ ತೈತ್ತಿರೀಯ ಸಂಹಿತೆಯ ಕಾಲದಿಂದ ಹೇಳುತ್ತ ಬಂದಿದ್ದಾರೆ. ಇದರಲ್ಲಿ ಗಮನಿಸಬೇಕಾದುದೆಂದರೆ, ಮಕ್ಕಳನ್ನು ಪಡೆದು ಬೆಳೆಸುವುದನ್ನು ಅವರು ಸುಖವೆಂದು ಎಣಿಸದೆ ಸಾಲದ ತೀರಿಕೆಯೆಂದು ಎಣಿಸಿದರು. ಹಿಂದಿನವರಿಂದ ಪಡೆದುದನ್ನು ಹಿಂದಿನವರಿಗೆ ತಿರುಗಿ ಕೊಡಲಾಗುವುದಿಲ್ಲ. ಮುಂದಿನವರಿಗೆ ಕೊಟ್ಟು ತೀರಿಸಬೇಕು. ಹೀಗೆ ನೋಡಿದರೆ ಮನೆಯು ಸಮಾಜಕ್ಕೆ ಎದುರಾದ ಬೇಲಿಯಲ್ಲ, ಅದರ ಮೊದಲನೆಯ ಅಂಗಳ.

ಆದರೂ ಬೇಲಿಯಾಗುವ ಮನೆಗಳೂ ಉಂಟು. ತನ್ನ ಮಕ್ಕಳಿಗೆ ಹಾಲು ಮೊಸರು ಬಡಿಸಿ, ಕೂಲಿಯವನ ಮಗುವು ಅಂಗಳದಾಚೆ ನಿಂತು ನೋಡುತ್ತಿರುವುದನ್ನು ಕಾಣದ ಕಣ್ಣುಗಳಿಗೂ “ಕುಟುಂಬವತ್ಸಲ” ಎಂಬ ಹೊಗಳಿಕೆಯೇ ಸಲ್ಲುತ್ತದೆ. ಭಕ್ತಿಯ ವಿಷಯವೂ ಹೀಗೆಯೇ. ಒಬ್ಬನ ಭಕ್ತಿಯು ಅವನನ್ನು ಗರ್ಭಗುಡಿಯ ಬಾಗಿಲಲ್ಲಿಯೇ ನಿಲ್ಲಿಸುತ್ತದೆ. ಮತ್ತೊಬ್ಬನ ಭಕ್ತಿಯು ಅವನನ್ನು ಊರ ಹೊರಗಿನ ಗುಡಿಸಲಿನವರೆಗೆ ಕಳುಹಿಸುತ್ತದೆ. ಆದುದರಿಂದ ಕುಟುಂಬ, ಧರ್ಮ, ಸಮಾಜಸೇವೆ ಎಂಬ ಮೂರು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಇವು ಒಂದರೊಡನೊಂದು ಸುಲಭವಾಗಿ ಹೊಂದಿಕೊಳ್ಳುವ ವಸ್ತುಗಳಲ್ಲ. ಒಂದಕ್ಕೆ ಕೊಟ್ಟ ಹೊತ್ತು ಮತ್ತೊಂದರಿಂದ ಕಿತ್ತು ತಂದುದಾಗಿರುತ್ತದೆ.

ಮಂಗಳೂರಿನ ಕುದ್ಮುಲ್ ರಂಗರಾಯರ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ. ಅವರು ೧೮೫೯ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮಂಗಳೂರಿಗೆ ಬಂದು ವಕೀಲರಾದರು. ಬ್ರಹ್ಮಸಮಾಜದ ತತ್ತ್ವಕ್ಕೆ ಒಲಿದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಓದಿನೊಡನೆ ಕೈಕೆಲಸವನ್ನು ಕಲಿಸಿದರು. ನಿಲ್ಲಲು ನೆಲವಿಲ್ಲದವರಿಗೆ ನೆಲೆಯನ್ನು ಒದಗಿಸಲು ಹೆಣಗಿದರು. ಸ್ವಜನರು ಬಹಿಷ್ಕಾರವನ್ನು ಹಾಕಿದರು. ೧೯೨೭ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ೧೯೨೮ರಲ್ಲಿ ದೇಹವನ್ನು ಬಿಟ್ಟರು. ತಮ್ಮ ಶವವನ್ನು ತಾವು ಯಾರಿಗಾಗಿ ದುಡಿದರೋ ಆ ಜನರೇ ಹೊರಬೇಕೆಂಬುದು ಅವರ ಕಡೆಯ ಅಪೇಕ್ಷೆಯಾಗಿದ್ದಿತು.

ಬಹಿಷ್ಕಾರವೆಂಬ ನಾಲ್ಕಕ್ಷರದ ಪದವನ್ನು ನಾವು ಬೇಗ ಓದಿ ಮುಂದೆ ಹೋಗುತ್ತೇವೆ. ಅದರ ಅರ್ಥವೇನು? ಗಂಡಸು ಹೊರಗೆ ಹೋದಾಗ ಅವನಿಗೆ ಅವನ ಆದರ್ಶವು ಜೊತೆಗಿರುತ್ತದೆ. ವಿರೋಧವೂ ಒಂದು ಬಗೆಯ ಬಲವನ್ನು ಕೊಡುತ್ತದೆ. ಮನೆಯಲ್ಲಿರುವವರಿಗಾದರೋ ನೆರೆಯವಳು ಮಾತನಾಡಿಸಳು, ಹಬ್ಬಕ್ಕೆ ಕರೆಯಿಲ್ಲ, ಮಕ್ಕಳ ಮದುವೆಗೆ ಮನೆತನಗಳಿಲ್ಲ, ಸಾವಿಗೆ ಹೆಗಲಿಲ್ಲ. ಒಬ್ಬನು ಊರಿನ ಕಟ್ಟಳೆಯನ್ನು ಮುರಿದಾಗ ಅದರ ದಂಡದಲ್ಲಿ ಹೆಚ್ಚಿನ ಪಾಲನ್ನು ತೆರುವವರು ಸಾಮಾನ್ಯವಾಗಿ ಹೊಸ್ತಿಲೊಳಗಿನವರು. ಅವರು ಆ ವ್ರತವನ್ನು ತಾವಾಗಿ ಹಿಡಿದಿದ್ದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಇದರಿಂದ ರಂಗರಾಯರ ಹಿರಿಮೆ ಕುಗ್ಗುವುದಿಲ್ಲ. ೧೯೩೪ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರೂ ಆ ಕೆಲಸವನ್ನು ಕಂಡು ಗೌರವಿಸಿದರು. ಆದರೆ ಸ್ಮರಣೆಯು ನ್ಯಾಯವಾಗಬೇಕಾದರೆ, ಸೇವೆಯ ಲೆಕ್ಕದ ಪುಸ್ತಕದಲ್ಲಿ ಜಮೆಯನ್ನು ಮಾತ್ರವಲ್ಲದೆ ಆ ಜಮೆ ಯಾರ ಪೆಟ್ಟಿಗೆಯಿಂದ ಬಂದಿತೆಂಬುದನ್ನೂ ಬರೆಯಬೇಕು.

ಈ ದೃಷ್ಟಿಯಿಂದ ಅತ್ತಿಮಬ್ಬೆಯ ಸಾವಿರ ಪ್ರತಿಗಳನ್ನು ಮತ್ತೊಮ್ಮೆ ನೋಡೋಣ. ಅಚ್ಚಿನ ಯಂತ್ರವಿಲ್ಲದ ಕಾಲ. ತಾಳೆಯ ಗರಿಯನ್ನು ತಂದು, ಹದಮಾಡಿ, ಒಣಗಿಸಿ, ಅಳತೆಗೆ ಕತ್ತರಿಸಿ, ತೂತು ಕೊರೆದು, ಅಕ್ಷರ ಅಕ್ಷರವಾಗಿ ಬರೆದು, ತಿದ್ದಿ, ದಾರದಲ್ಲಿ ಪೋಣಿಸಿ, ಹಲಗೆಗಳ ನಡುವೆ ಕಟ್ಟಿಡಬೇಕು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ಒಬ್ಬ ಲಿಪಿಕಾರನಿಗೆ ಒಂದು ಪ್ರತಿಗೆ ಎರಡು ತಿಂಗಳು ಹಿಡಿಯಿತೆಂದು ಊಹಿಸಿಕೊಂಡರೂ ಸಾವಿರ ಪ್ರತಿಗಳೆಂದರೆ ಎರಡು ಸಾವಿರ ತಿಂಗಳು. ಒಬ್ಬನ ದುಡಿಮೆಯಲ್ಲಿ ಎಣಿಸಿದರೆ ನೂರ ಅರುವತ್ತಾರು ವರ್ಷಗಳಿಗೂ ಮೇಲೆ. ಬೆನ್ನು ಬಾಗಿಸಿ ಕುಳಿತ ಆ ಲಿಪಿಕಾರರ ಹೆಸರುಗಳು ನಮಗೆ ಬಂದಿಲ್ಲ. ಪ್ರತಿಮೆಗಳ ಚಿನ್ನವೂ ನೆಲದಲ್ಲಿ ತಾನಾಗಿ ಬೆಳೆದುದಲ್ಲ. ಅದು ರಾಜ್ಯಗಳು ಯುದ್ಧದಿಂದ ಬೆಳೆಯುತ್ತಿದ್ದ ಕಾಲದ ಅಧಿಕಾರಿಯ ಮನೆತನದ ಐಶ್ವರ್ಯ. ಇದನ್ನು ಹೇಳಿದರೆ ಅತ್ತಿಮಬ್ಬೆ ಚಿಕ್ಕವಳಾಗುವಳೇ? ನಮಗೆ ಹಾಗೆ ತೋರುವುದಿಲ್ಲ. ಅಂತಹ ಐಶ್ವರ್ಯವಿದ್ದ ಮನೆಗಳು ಆಗಲೂ ಬಹಳವಿದ್ದುವು. ಅದನ್ನು ಓಲೆಯಾಗಿ, ಓದಾಗಿ ಮಾರ್ಪಡಿಸಿದ ಮನಸ್ಸು ಅಪೂರ್ವವಾದುದು. ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವು ಕೊಟ್ಟವರ ಕೈಯಲ್ಲಿ ಮುಗಿಯದೆ, ಪಡೆದವರ ಕೈಯಿಂದ ಮತ್ತೊಬ್ಬರ ಕೈಗೆ ಹೋಗತಕ್ಕುದು. ಪೊನ್ನನ ಆ ಪುರಾಣವು ಇಂದಿಗೂ ಕನ್ನಡಿಗರ ಕೈಯಲ್ಲಿದೆ.

ಐಶ್ವರ್ಯವಂತರಿಗೆ ದಾನ ಸುಲಭವೆನ್ನುವವರು ಮತ್ತೊಂದು ಬಾಳನ್ನು ನೋಡಬಹುದು. ಅದಕ್ಕಾಗಿ ಒಂದು ಸಾವಿರ ವರ್ಷಗಳನ್ನು ದಾಟಿ ನಮ್ಮ ಕಾಲಕ್ಕೆ ಬರಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ೨೦೨೫ರ ನವೆಂಬರ್ ೧೪ರಂದು ತೀರಿಕೊಂಡರು. ಅವರಿಗೆ ೧೧೪ ವರ್ಷವಾಗಿದ್ದಿತೆಂದು ಪತ್ರಿಕೆಗಳು ಬರೆದುವು. ಅವರು ಶಾಲೆಗೆ ಹೋದವರಲ್ಲ. ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಮಕ್ಕಳಾಗಲಿಲ್ಲ. ಗಂಡ ಚಿಕ್ಕಯ್ಯನವರೊಡನೆ ಸೇರಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಆಲದ ಸಸಿಗಳನ್ನು ನೆಟ್ಟರು. ಮೊದಲನೆಯ ವರ್ಷ ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಹೀಗೆ ಸುಮಾರು ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಒಟ್ಟು ೩೮೫ ಮರಗಳು ಎದ್ದುವು. ೨೦೧೯ರಲ್ಲಿ ಸರ್ಕಾರವು ಪದ್ಮಶ್ರೀಯನ್ನು ಕೊಟ್ಟಿತು. ಸಾಲುಮರದ ಎಂಬ ವಿಶೇಷಣವನ್ನು ಜನವು ಅದಕ್ಕೂ ಮೊದಲೇ ಕೊಟ್ಟಿದ್ದಿತು.

ನೆಡುವುದು ಒಂದು ದಿನದ ಉತ್ಸಾಹ. ನೆಟ್ಟ ಕೈಗಳ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೇಸಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದು ಸಸಿಯ ಬುಡಕ್ಕೆ ಹೊಯ್ಯುವುದು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು, ಒಣಗಿದುದರ ಜಾಗದಲ್ಲಿ ಮತ್ತೊಂದನ್ನು ಇಡುವುದು, ಇದೆಲ್ಲವನ್ನೂ ದಿನದ ಕೂಲಿಯನ್ನು ಮುಗಿಸಿಕೊಂಡು ಮಾಡುವುದು, ಇವೇ ಬೇರೆ. ನಾವು ಹಿಂದೆ ಹೇಳಿದ ಹಿಂದಿರುಗುವಿಕೆಯು ಇಲ್ಲಿ ಕೊಡದ ರೂಪದಲ್ಲಿ ಕಣ್ಣಿಗೇ ಕಾಣುತ್ತದೆ. ಈ ದಂಪತಿಗಳಿಗೆ ಸಂಸಾರವೂ ಸೇವೆಯೂ ಬೇರೆಬೇರೆಯಾಗಿರಲಿಲ್ಲ. ಮಗುವಿಗೆ ಎರೆಯಬೇಕಾಗಿದ್ದ ನೀರನ್ನು ಅವರು ಮರಕ್ಕೆ ಎರೆದರು. ಯಾವ ಸಿದ್ಧಾಂತವನ್ನೂ ಅವರು ಬೋಧಿಸಲಿಲ್ಲ. ಆಲದ ನೆರಳಿನಲ್ಲಿ ಕೂರುವವನ ಕುಲಗೋತ್ರಗಳನ್ನು ಮರವು ಕೇಳುವುದಿಲ್ಲವೆಂಬುದೇ ಅವರ ಧರ್ಮಬೋಧೆ.

ಇಲ್ಲಿಯೂ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ಹೆಸರಿದೆ. ಚಿಕ್ಕಯ್ಯನವರು ೧೯೯೧ರಲ್ಲಿಯೇ ತೀರಿಕೊಂಡರು. ಪ್ರಶಸ್ತಿಗಳ ಕಾಲವನ್ನು ಅವರು ನೋಡಲಿಲ್ಲ. ಮೊದಲನೆಯ ವರ್ಷಗಳ ಗುಂಡಿಗಳನ್ನು ತೋಡಿದುದರಲ್ಲಿಯೂ ಕೊಡಗಳನ್ನು ಹೊತ್ತುದರಲ್ಲಿಯೂ ಅವರು ಸಮಭಾಗಿಗಳು. ಅತ್ತಿಮಬ್ಬೆಯ ಹಿಂದೆ ಲಿಪಿಕಾರರು, ರಂಗರಾಯರ ಹಿಂದೆ ಮನೆಯವರು, ತಿಮ್ಮಕ್ಕನವರ ಜೊತೆಗೆ ಚಿಕ್ಕಯ್ಯನವರು. ದೀರ್ಘವಾದ ಯಾವ ಬಾಳೂ ಒಬ್ಬರ ಬಾಳಲ್ಲ. ಒಬ್ಬರ ಹೆಸರಿನಲ್ಲಿ ಹಲವರು ಬದುಕಿರುತ್ತಾರೆ. ಆದ್ದರಿಂದ ಒಬ್ಬರನ್ನು ಸ್ಮರಿಸುವುದೆಂದರೆ ಆ ಹೆಸರನ್ನು ಬಿಚ್ಚಿ, ಒಳಗಿದ್ದವರನ್ನು ಹೊರಕ್ಕೆ ಕರೆದು ಕೂರಿಸುವುದು.

ಮೃತರ ದೋಷಗಳನ್ನು ಎತ್ತಿ ಆಡಬಾರದೆಂಬ ಶಿಷ್ಟಾಚಾರವಿದೆಯಷ್ಟೆ. ಅದನ್ನು ಇಲ್ಲಿ ವಿಚಾರಿಸಬೇಕು. ಸತ್ತವರು ಉತ್ತರ ಹೇಳಲಾರರು. ಆದ್ದರಿಂದ ಅವರ ಮೇಲೆ ಆರೋಪ ಹೊರಿಸುವುದು ಹೇಡಿತನ. ಇದು ಆ ಶಿಷ್ಟಾಚಾರದ ಸರಿಯಾದ ಅರ್ಥ. ಆದರೆ ದೋಷವನ್ನು ಹೇಳದಿರುವುದು ಬೇರೆ. ಇಲ್ಲದ ಗುಣವನ್ನು ಕಟ್ಟಿ ಹೇಳುವುದು ಬೇರೆ. ಸ್ತುತಿಗೂ ಸ್ಮೃತಿಗೂ ವ್ಯತ್ಯಾಸವಿದೆ. ಸ್ತುತಿಯು ಮೃತನನ್ನು ನಮ್ಮ ಕೈಗೆ ಎಟುಕದ ಎತ್ತರದಲ್ಲಿ ಇಡುತ್ತದೆ. ಅವನು ದೇವನಾದುದರಿಂದ ಅವನಂತೆ ಮಾಡುವ ಹೊಣೆಯಿಂದ ನಾವು ತಪ್ಪಿಸಿಕೊಳ್ಳುತ್ತೇವೆ. ಸ್ಮೃತಿಯಾದರೋ ಅವನು ನಮ್ಮಂತೆಯೇ ಸಿಡುಕಿದವನು, ಸೋತವನು, ಕೆಲವು ಸಲ ಮನೆಯವರಿಗೆ ಅನ್ಯಾಯ ಮಾಡಿದವನು, ಆದರೂ ಬೆಳಗಾದರೆ ಎದ್ದು ಮತ್ತೆ ಕೆಲಸಕ್ಕೆ ಹೋದವನು ಎಂದು ತಿಳಿಸಿ, “ಹಾಗಾದರೆ ನೀನೇಕೆ ಎದ್ದಿಲ್ಲ?” ಎಂದು ಕೇಳುತ್ತದೆ. ನಾವು ಸ್ತುತಿಯನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದಕ್ಕೆ ಮೃತರ ಮೇಲಣ ಗೌರವವೊಂದೇ ಕಾರಣವಲ್ಲ. ಈ ಪ್ರಶ್ನೆಯ ಭಯವೂ ಒಂದು ಕಾರಣ.

ಹೆಸರನ್ನು ಉಳಿಸುವುದೇ ಸ್ಮರಣೆಯ ಗುರಿಯೆಂದು ತಿಳಿದವರಿಗೆ ನಮ್ಮ ಶ್ರಾದ್ಧವಿಧಿಯೇ ಒಂದು ಪಾಠವನ್ನು ಹೇಳುತ್ತದೆ. ಅಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯವರಿಗೆ ಹೆಸರು ಹಿಡಿದು ಪಿಂಡವನ್ನಿಡುವರು. ಅದರಾಚೆಯವರಿಗೆ ಬೇರೆ ಪಿಂಡವಿಲ್ಲ. ಕೈಗೆ ಅಂಟಿದ ಲೇಪವೇ ಅವರ ಭಾಗ. ನೆನಪಿನ ಅಳವನ್ನು ಕುರಿತು ಇಷ್ಟು ನಿರ್ಮಮವಾದ, ಇಷ್ಟು ಪ್ರಾಮಾಣಿಕವಾದ ಏರ್ಪಾಡನ್ನು ಕಾಣುವುದು ಅಪರೂಪ. ಮೂರು ತಲೆಗಳಾದ ಮೇಲೆ ಹೆಸರು ಹೋಗತಕ್ಕುದೇ. ಹೋಗಲಿ. ಲೇಪವು ಹೋಗುವುದಿಲ್ಲ. ಅಜ್ಜಿಯ ಅಜ್ಜಿಯ ಹೆಸರು ನಮಗೆ ತಿಳಿಯದು. ಆದರೆ ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಡಬೇಕೆಂಬ ಅಭ್ಯಾಸವು ಅವಳಿಂದ ನಮ್ಮ ಕೈಗೆ ಅಂಟಿ ಬಂದಿರಬಹುದು. ಹೆಸರು ಕಳೆದುಕೊಂಡ ಸೇವೆಯು ನಾಶವಾಗಿಲ್ಲ, ಅದು ನಡತೆಯಾಗಿದೆ. ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರನ್ನು ಇಟ್ಟುದು ಉಚಿತವೇ. ಆದರೆ ಅಲ್ಲಿ ಸಭೆಗೆ ಬರುವವರು ಬಾಗಿಲ ಮೇಲಣ ಹೆಸರನ್ನು ಓದಿ ಒಳಗೆ ಹೋಗುವುದರಿಂದ ಅವರ ಸ್ಮರಣೆ ಪೂರ್ತಿಯಾಗುವುದಿಲ್ಲ. ಒಬ್ಬನನ್ನು ಹೊರಗೆ ನಿಲ್ಲಿಸಿದ ಬಾಗಿಲೊಂದು ಎಲ್ಲಿಯಾದರೂ ತೆರೆದಾಗ ಅದು ಪೂರ್ತಿಯಾಗುತ್ತದೆ.

ಇಷ್ಟರಿಂದ ನಾವು ಹಿಂದೆ ಕೇಳಿದ ಮೂರು ಪ್ರಶ್ನೆಗಳಿಗೆ ಸ್ಥೂಲವಾದ ಉತ್ತರಗಳು ದೊರೆಯುವುವು. ದೀರ್ಘವಾದ ಬಾಳಿನಲ್ಲಿ ನೆನೆಯತಕ್ಕುದು ಅದರ ಕೊನೆಯನ್ನೂ ಅಲ್ಲ, ಅದರ ಉದ್ದವನ್ನೂ ಅಲ್ಲ. ಬಿಟ್ಟುಬಿಡಬಹುದಾಗಿದ್ದ ಕೆಲಸಕ್ಕೆ ಮತ್ತೆ ಮತ್ತೆ ಹಿಂದಿರುಗಿದ ಆ ನಿಷ್ಠೆಯನ್ನು. ನೆನೆಯಬೇಕಾದುದು ಮೃತರಿಗೆ ಸುಖವಾಗಲೆಂದಲ್ಲ. ಅವರು ತೀರಿಸುತ್ತ ಬಂದ ಋಣವು ಈಗ ನಮ್ಮ ಹೆಸರಿಗೆ ವರ್ಗವಾಗಿದೆಯೆಂದು ತಿಳಿದುಕೊಳ್ಳುವುದಕ್ಕಾಗಿ. ನೆನಪಿನ ಹೊಣೆಯೆಂದರೆ ಅವರ ಜೊತೆಗೆ ಭಾರವನ್ನು ಹೊತ್ತವರಿಗೆ, ಅವರು ಬದುಕಿರುವಾಗಲೇ, ಸಲ್ಲತಕ್ಕುದನ್ನು ಸಲ್ಲಿಸುವುದು. ಅರ್ಧಕ್ಕೆ ನಿಂತ ಕೆಲಸವನ್ನು ಕೈಗೆತ್ತಿಕೊಳ್ಳುವುದು.

ಸಂತಾಪಸಭೆಗಳನ್ನು ನಿಲ್ಲಿಸಬೇಕೆಂದು ನಾವು ಹೇಳುವವರಲ್ಲ. ಅವು ನಡೆಯಲಿ. ಆದರೆ ನಿರ್ಣಯವನ್ನು ಬರೆಯುವ ಮೊದಲು ಸಭೆಯು ಮೂರು ಮಾತುಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಹಿರಿಯರು ಪ್ರತಿದಿನವೂ ಮಾಡುತ್ತಿದ್ದ ಯಾವ ಕೆಲಸವು ನಾಳೆಯಿಂದ ನಿಂತುಹೋಗುತ್ತದೆ? ಅವರು ಅದನ್ನು ಮಾಡುತ್ತಿದ್ದಾಗ ಅವರ ಪಾಲಿನ ಮನೆಗೆಲಸವನ್ನು ಯಾರು ಮಾಡುತ್ತಿದ್ದರು? ನಮ್ಮಲ್ಲಿ ಯಾರು ಅದನ್ನು ನಡೆಸುವರು? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೃತರನ್ನು ನಿಜವಾಗಿ ಬಲ್ಲವರಾಗಿರಬೇಕು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಸಭೆಯ ಹಿಂದಿನ ಸಾಲಿನಲ್ಲಿಯೋ ಅಡುಗೆಮನೆಯ ಬಾಗಿಲಲ್ಲಿಯೋ ನಿಂತಿರುವ ಒಬ್ಬರ ಕಡೆಗೆ ಎಲ್ಲರ ಮುಖವೂ ತಿರುಗಬೇಕಾಗುತ್ತದೆ. ಮೂರನೆಯದಕ್ಕೆ ಮಾತಿನಲ್ಲಿ ಉತ್ತರವಿಲ್ಲ; ಯಾರಾದರೊಬ್ಬರು ಮರುದಿನ ಬೆಳಗ್ಗೆ ಎದ್ದು ಹೋಗಬೇಕು, ಅಷ್ಟೆ.